ಹಗೇವಿನಲ್ಲಿದ್ದ ಲೆಕ್ಕ

ನಮ್ಮ ಅಜ್ಜಿಗೆ ಒಂದು ಹಟವಿತ್ತು. ಮಂಡ್ಯದ ನಾಲೆ ಬಯಲಿನ ನಮ್ಮೂರಿನಲ್ಲಿ ಎಲ್ಲರೂ ಕಬ್ಬು ಹಾಕಿದರೂ ಆಕೆ ಅರ್ಧ ಎಕರೆ ರಾಗಿಯನ್ನು ಮಾತ್ರ ಬಿಟ್ಟುಕೊಡುತ್ತಿರಲಿಲ್ಲ. ಅಪ್ಪ ಲೆಕ್ಕ ಹಾಕಿ ತೋರಿಸುತ್ತಿದ್ದರು. ಆ ಅರ್ಧ ಎಕರೆಗೂ ಕಬ್ಬು ಹಾಕಿದರೆ, ಬಂದ ದುಡ್ಡಿನಲ್ಲಿ ಅಷ್ಟೇ ರಾಗಿಯನ್ನು ಸಂತೆಯಿಂದ ತಂದು ಇನ್ನೂ ಮಿಗಿಸಬಹುದಿತ್ತು. ಅಜ್ಜಿ ಎಲ್ಲ ಕೇಳಿಸಿಕೊಂಡು, "ಕಬ್ಬ ಅಗೀಬೋದು ಮಗ, ಮುದ್ದೆ ಕಟ್ಟಕಾಯ್ತದಾ?" ಎಂದು ಎದ್ದು ಹೋಗುತ್ತಿದ್ದಳು.

ಪಿಎಚ್‌ಡಿಯ ಮೊದಲ ವರ್ಷದ ಸೆಮಿನಾರ್ ಪ್ರಬಂಧವೊಂದರಲ್ಲಿ ನಾನು ಈ ಪ್ರಸಂಗವನ್ನು ಬಳಸಿಕೊಂಡು, ಸಂಪ್ರದಾಯದ ಮೋಹ ತರ್ಕವನ್ನು ಮೀರುವುದಕ್ಕೆ ಇದೊಂದು ಉದಾಹರಣೆ ಎಂದು ಬರೆದಿದ್ದೆ. ನನ್ನ ಮಾರ್ಗದರ್ಶಕರು ಆ ಸಾಲಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಎರಡು ಪದ ಬರೆದು ಹಿಂತಿರುಗಿಸಿದರು: ‘ಯಾರ ಲೆಕ್ಕ?’ ಆ ಎರಡು ಪದಗಳ ಬೆನ್ನು ಹತ್ತಿ ನಾನು ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ತರ್ಕಬದ್ಧ ಆಯ್ಕೆ ಎಂದರೆ ಹೆಚ್ಚು ಲಾಭ ಬರುವುದನ್ನು ಆರಿಸಿಕೊಳ್ಳುವುದು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ ಈ ಚಿಂತನೆಯ ಹಳೆಯ ಬರಹಗಳನ್ನು ತೆರೆದು ನೋಡಿದರೆ ಮಾತು ಅಷ್ಟು ಸರಳವಾಗಿಲ್ಲ. ಸ್ವಿಸ್ ಗಣಿತಜ್ಞ ಡೇನಿಯಲ್ ಬರ್ನೌಲಿ 1738ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿಯ ಸಂಪುಟದಲ್ಲಿ ಲ್ಯಾಟಿನ್ ಪ್ರಬಂಧವೊಂದನ್ನು ಪ್ರಕಟಿಸಿದ. ಅದರಲ್ಲಿ ಒಬ್ಬ ಬಡವ ಬರುತ್ತಾನೆ. ಅವನಿಗೊಂದು ಲಾಟರಿ ಚೀಟಿ ಸಿಕ್ಕಿದೆ. ಅದೃಷ್ಟವಿದ್ದರೆ 20,000 ಡುಕಾಟ್, ಇಲ್ಲದಿದ್ದರೆ ಸೊನ್ನೆ. ಎರಡರ ಸಾಧ್ಯತೆಯೂ ಸಮ. ಬರೀ ಗಣಿತದ ಪ್ರಕಾರ ಚೀಟಿಯ ಬೆಲೆ 10,000. ಅವನು ಅದನ್ನು 9,000ಕ್ಕೆ ಮಾರಿದರೆ ದಡ್ಡನೇ? ಇರಲಾರ ಎನ್ನುತ್ತಾನೆ ಬರ್ನೌಲಿ. ಅದೇ ಬೆಲೆಗೆ ಚೀಟಿ ಸಿಗುವಾಗ ಕೊಳ್ಳದಿದ್ದರೆ ಸಿರಿವಂತನೇ ದಡ್ಡ. ಏಕೆಂದರೆ ಒಂದು ನಾಣ್ಯದ ಬೆಲೆ ಅದನ್ನು ಹಿಡಿದ ಕೈಯಲ್ಲಿ ಆಗಲೇ ಎಷ್ಟಿದೆ ಎಂಬುದರ ಮೇಲೆ ನಿಂತಿದೆ.

ಇನ್ನೂರು ವರ್ಷಗಳ ನಂತರ ಏಷ್ಯಾದ ರೈತರ ಬಗ್ಗೆ ಮಾತಾಡುವಾಗ ಆ ಬಡವನನ್ನು ಬಹಳಷ್ಟು ಜನ ಮರೆತಿದ್ದರು. ರೈತ ರೂಢಿಯ ದಾಸ, ಲೆಕ್ಕ ಗೊತ್ತಿಲ್ಲದವ ಎಂಬ ಮಾತು ಚಾಲ್ತಿಯಲ್ಲಿತ್ತು. ಅಮೆರಿಕದ ಅರ್ಥಶಾಸ್ತ್ರಜ್ಞ ಥಿಯೋಡರ್ ಶುಲ್ಟ್ಜ್ 1964ರ ತನ್ನ ಪುಸ್ತಕದಲ್ಲಿ ಇದನ್ನು ತಿರುಗಿಸಿದ. ಗ್ವಾಟೆಮಾಲಾದ ಪನಾಹಚೆಲ್, ಉತ್ತರ ಪ್ರದೇಶದ ಸೇನಾಪುರ ಎಂಬ ಎರಡು ಊರುಗಳ ಅಧ್ಯಯನಗಳನ್ನು ಮುಂದಿಟ್ಟು, ಈ ರೈತರು ಬಡವರು ನಿಜ, ಆದರೆ ಇರುವುದನ್ನು ದಕ್ಷವಾಗಿಯೇ ಬಳಸುತ್ತಿದ್ದಾರೆ ಎಂದು ವಾದಿಸಿದ. ಮಹಾರಾಷ್ಟ್ರದ ಹಳ್ಳಿಯೊಂದರಲ್ಲಿ ಕೆಲಸ ಮಾಡಿದ್ದ ಮೈಕೆಲ್ ಲಿಪ್ಟನ್ 1968ರಲ್ಲಿ ಇದಕ್ಕೊಂದು ತಿದ್ದುಪಡಿ ತಂದ. ಮಳೆ ಕೈಕೊಡುವ ಕಡೆ ರೈತ ಹುಡುಕುವುದು ಅತಿ ಹೆಚ್ಚಿನ ಲಾಭವನ್ನಲ್ಲ, ಕೆಟ್ಟ ವರ್ಷವನ್ನು ದಾಟಿಸುವ ದಾರಿಯನ್ನು ಎಂಬುದು ಅವನ ವಾದ. ಇದನ್ನು ಓದಿದಾಗ ನನಗೆ ಅಜ್ಜಿಯ ಅರ್ಧ ಎಕರೆ ನೆನಪಾಯಿತು.

ಇದಕ್ಕೂ ಮೊದಲೇ ನಮ್ಮ ಮಂಡ್ಯಕ್ಕೇ ಬಂದು ಈ ಪ್ರಶ್ನೆಯನ್ನು ನೋಡಿದವರೊಬ್ಬರಿದ್ದರು. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ ಯಹೂದಿ ಹೆಣ್ಣುಮಗಳು ಸ್ಕಾರ್ಲೆಟ್ ಎಪ್‌ಸ್ಟೈನ್. 1950ರ ದಶಕದ ನಡುವೆ ಅವರು ಇಲ್ಲಿನ ಎರಡು ಊರುಗಳಲ್ಲಿ ಕ್ಷೇತ್ರಕಾರ್ಯ ಮಾಡಿದರು. 1962ರ ಪುಸ್ತಕದಲ್ಲಿ ಅವನ್ನು ವಂಗಲ, ದಲೇನ ಎಂದು ಕರೆದರು. ವಂಗಲಕ್ಕೆ ನಾಲೆ ನೀರು ಬಂದಿತ್ತು. ಎತ್ತರದಲ್ಲಿದ್ದ ದಲೇನಕ್ಕೆ ಬರಲಿಲ್ಲ. ನೀರು ಬಂದ ಊರು ಬೇಗ ಬದಲಾಗುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ಆದದ್ದು ಬೇರೆ. ವಂಗಲದವರು ಕಬ್ಬು ಬೆಳೆದು ದುಡ್ಡು ಕಂಡರು, ಆದರೆ ಹಳೆಯ ಕಟ್ಟುಕಟ್ಟಳೆ ಹೆಚ್ಚುಕಡಿಮೆ ಹಾಗೇ ಉಳಿಯಿತು. ದಲೇನದವರು ಪಕ್ಕದ ಊರುಗಳಲ್ಲಿ ನೀರಾವರಿ ಜಮೀನು ಕೊಂಡರು, ಮಂಡ್ಯ ಪೇಟೆಯಲ್ಲಿ ಕೆಲಸ ಹಿಡಿದರು, ಹಿಟ್ಟಿನ ಗಿರಣಿ ಹಾಕಿದರು, ಗಾಡಿ ಹೊಡೆದರು. ಹಳೆಯ ಸಂಬಂಧಗಳು ಸಡಿಲವಾದದ್ದು ಅಲ್ಲಿ. ಎರಡೂ ಊರುಗಳಲ್ಲಿ ಒಕ್ಕಲಿಗರದೇ ಪ್ರಾಬಲ್ಯ, ಭಾಷೆಯೂ ಒಂದೇ, ಊಟವೂ ಒಂದೇ. ವಂಗಲದವರು ಮಂಕರೂ ಅಲ್ಲ, ದಲೇನದವರು ಹುಟ್ಟಾ ಜಾಣರೂ ಅಲ್ಲ. ಅವರ ಮುಂದಿದ್ದ ದಾರಿಗಳೇ ಬೇರೆ ಬೇರೆಯಾಗಿದ್ದವು.

ಎಪ್‌ಸ್ಟೈನ್ 1967ರಲ್ಲಿ ಬರೆದ ಲೇಖನವೊಂದು ನನ್ನನ್ನು ಇನ್ನೂ ಹಿಡಿದು ನಿಲ್ಲಿಸಿತು. ವಂಗಲದಲ್ಲಿ ಒಕ್ಕಲು ಮನೆಗಳಿಗೂ ಆದಿ ಕರ್ನಾಟಕದ ಕೂಲಿ ಮನೆಗಳಿಗೂ ತಲೆಮಾರುಗಳ ನಂಟಿತ್ತು. ವರ್ಷವಿಡೀ ದುಡಿದದ್ದಕ್ಕೆ ಕೂಲಿಯವರಿಗೆ ಗೊತ್ತುಪಡಿಸಿದಷ್ಟು ಧಾನ್ಯ. ಬೆಳೆ ಹೆಚ್ಚಾದರೂ ಅದು ಹೆಚ್ಚುವುದಿಲ್ಲ, ಬೆಳೆ ಹೋದರೂ ಪಾಲು ತಪ್ಪುವುದಿಲ್ಲ. ಮೇಲುನೋಟಕ್ಕೆ ರೂಢಿಯಷ್ಟೇ. ಎಪ್‌ಸ್ಟೈನ್ ಅದರೊಳಗಿನ ಲೆಕ್ಕವನ್ನು ಬಿಡಿಸಿದರು. ಬರದ ವರ್ಷವೂ ಹೊಟ್ಟೆಗೆ ಸಿಗುತ್ತದೆ ಎಂಬ ಖಾತ್ರಿ ಕೂಲಿಯವನಿಗೆ. ನಾಟಿಗೆ, ಕುಯ್ಲಿಗೆ ಆಳು ತಪ್ಪುವುದಿಲ್ಲ ಎಂಬ ಖಾತ್ರಿ ಒಡೆಯನಿಗೆ. ಒಳ್ಳೆಯ ವರ್ಷದ ಮಿಗಿಲೆಲ್ಲ ಒಡೆಯನದೇ.

ಇಲ್ಲಿಗೆ ನನ್ನ ಸೆಮಿನಾರ್ ಪ್ರಬಂಧವನ್ನು ತಿದ್ದಿಬಿಡಬಹುದಿತ್ತು: ಅಜ್ಜಿಯೂ ಲೆಕ್ಕದವಳೇ, ಅವಳದು ವಿಮೆಯ ಲೆಕ್ಕ. ಹಾಗೆಂದೇ ಹೇಳಲು ಹೋದ ಬೇಸಿಗೆಯಲ್ಲಿ ಊರಿಗೆ ಹೋದೆ. ಹಿತ್ತಿಲಲ್ಲಿದ್ದ ಹಗೇವಿನ ಬಾಯಿಗೆ ಈಗ ಸಿಮೆಂಟು ಬಿದ್ದಿದೆ. ಅದರಲ್ಲಿ ರಾಗಿ ವರ್ಷಗಟ್ಟಲೆ ಹುಳ ಹಿಡಿಯದೆ ಇರುತ್ತಿತ್ತಂತೆ. ಅಷ್ಟೊಂದು ಯಾಕೆ ಬೇಕಿತ್ತು ಎಂದು ಕೇಳಿದೆ. "ಅದ್ರಲ್ಲಿ ಅವರ್ದೂ ಇತ್ತು ಕಣ್ ಮಗ," ಎಂದಳು. "ಬರ ಬಂದಾಗ ಹಳೆಮಗನ ಮನೇಗೂ ಅಳೀಬೇಕಿತ್ತಲ್ಲ."

ಹಳೆಮಗ. ನಮ್ಮ ಕಡೆ ತಲೆತಲಾಂತರದಿಂದ ಒಂದೇ ಮನೆಗೆ ದುಡಿಯುವ ದಲಿತ ಆಳಿಗೆ ಇದ್ದ ಹೆಸರು. ‘ಮಗ’ ಎನ್ನುವ ಮಾತಿದೆ, ಆಸ್ತಿಯಲ್ಲಿ ಪಾಲಿಲ್ಲ. ಅಜ್ಜಿಯ ದನಿಯಲ್ಲಿ ಸುಳ್ಳಿರಲಿಲ್ಲ, ಅವಳು ಅಳೆದು ಕೊಟ್ಟದ್ದೂ ನಿಜವೇ. ಆದರೆ ನನಗೆ ಆ ಕ್ಷಣ ಇರುಸುಮುರುಸಾಯಿತು. ಒಳ್ಳೆಯ ವರ್ಷ ಕಡಿಮೆ ತೆಗೆದುಕೊಂಡು ಕೆಟ್ಟ ವರ್ಷಕ್ಕೆ ಖಾತ್ರಿ ಪಡೆಯುವುದನ್ನು ‘ಕೂಲಿಯವನ ಆಯ್ಕೆ’ ಎಂದು ಬರೆಯಲು ಆಗುತ್ತದೆಯೇ? ಜಮೀನಿಲ್ಲದವನಿಗೆ, ಬೇರೆ ಮನೆಗೆ ದುಡಿಯಲು ಹೋಗಲಾರದವನಿಗೆ, ಬೇಡ ಎನ್ನುವ ದಾರಿ ಎಲ್ಲಿತ್ತು? ಆಯ್ಕೆ ತರ್ಕಬದ್ಧವಾಗಿತ್ತೇ ಎಂದು ಕೇಳುವ ಮುನ್ನ ಆಯ್ಕೆಯೇ ಇತ್ತೇ ಎಂದು ಕೇಳಬೇಕು. ಜೇಮ್ಸ್ ಸ್ಕಾಟ್ 1976ರಲ್ಲಿ ಆಗ್ನೇಯ ಏಷ್ಯಾದ ರೈತರ ಬದುಕಿನಲ್ಲಿ ಅನ್ನದ ಹಕ್ಕಿನ ನೀತಿಯನ್ನು ಕಂಡ. ಸ್ಯಾಮ್ಯುಯೆಲ್ ಪಾಪ್‌ಕಿನ್ 1979ರಲ್ಲಿ ವಿಯೆಟ್ನಾಮಿನ ಹಳ್ಳಿಗಳಲ್ಲಿ ಸ್ವಹಿತದ ಲೆಕ್ಕವನ್ನು ಕಂಡ. ಇವರ ಜಗಳ ಇಂದಿಗೂ ನಮ್ಮ ತರಗತಿಗಳಲ್ಲಿ ನಡೆಯುತ್ತದೆ. ನಮ್ಮ ಹಗೇವಿನ ಮುಂದೆ ನಿಂತಾಗ ಎರಡೂ ಸರಿ ಎನಿಸಿತು, ಎರಡೂ ಸಾಲದು ಎನಿಸಿತು.

ರೂಮಿಗೆ ಮರಳಿ ನನ್ನ ಸಂದರ್ಶನಗಳ ಪಟ್ಟಿ ತೆಗೆದೆ. ನಮ್ಮೂರಿನಲ್ಲಿ ಹದಿನಾಲ್ಕು ಮನೆಗಳು, ಹದಿನಾಲ್ಕೂ ಜಮೀನಿದ್ದವರವು. ರಾಗಿ ಅಳೆದವರನ್ನೆಲ್ಲ ಮಾತಾಡಿಸಿದ್ದೆ, ಅಳೆಸಿಕೊಂಡವರ ಒಂದು ಮನೆಗೂ ಹೋಗಿರಲಿಲ್ಲ. ಅಜ್ಜಿ ಹೇಳಿದ ಆ ಮನೆಯವರು ಈಗಲೂ ಊರಲ್ಲಿದ್ದಾರೆ. ಅವರ ಮೊಮ್ಮಗಳು ನನಗಿಂತ ಎರಡು ವರ್ಷ ಚಿಕ್ಕವಳು, ಮೈಸೂರಿನಲ್ಲಿ ನರ್ಸ್. ಫೋನ್ ಮಾಡಿದಾಗ ಬನ್ನಿ, ನಮ್ಮ ತಾತನನ್ನೇ ಕೇಳಿ ಎಂದಳು. ಮಾರ್ಗದರ್ಶಕರ ಎರಡು ಪದಗಳಿಗೆ ನಾನು ಇಲ್ಲಿಯವರೆಗೆ ಬರೆದದ್ದು ಅರ್ಧ ಉತ್ತರ ಮಾತ್ರ. ಮುಂದಿನ ಭಾನುವಾರ ಆ ತಾತನ ಮನೆಗೆ ಹೋಗುತ್ತಿದ್ದೇನೆ.