ಎರಡು ಘಟ್ಟಗಳ ಕೆಳಗಿನ ಯುದ್ಧ

ಎರಡು ದಿಕ್ಕಿನಲ್ಲಿ ಏಕಕಾಲಕ್ಕೆ ಕಾದುವ ಅರಸನಿಗೆ ಸೈನ್ಯ ಸಾಲದೆ ಹೋಗುತ್ತದೆಂದು ಸಾಮಾನ್ಯವಾಗಿ ಹೇಳುವುದುಂಟು. ಎರಡನೆಯ ಮೈಸೂರು ಯುದ್ಧದ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಬೇರೊಂದು ಸಂಗತಿ ಎದ್ದುಕಾಣುತ್ತದೆ. ಹೈದರಾಲಿಯ ಬಳಿ ದಂಡು ಧಾರಾಳವಾಗಿತ್ತು. ತಾನಿಲ್ಲದ ಕಡೆ ತನ್ನಂತೆಯೇ ಯುದ್ಧ ನಡೆಸಬಲ್ಲ ಸೇನಾನಿ ಮಾತ್ರ, ನನ್ನ ಎಣಿಕೆಯಲ್ಲಿ, ಒಬ್ಬನೇ ಇದ್ದನು. ಅವನು ಮಗ ಟಿಪ್ಪು.

1780ರ ಜುಲೈಯಲ್ಲಿ ಹೈದರನು ಪೂರ್ವದ ಕಣಿವೆಗಳನ್ನಿಳಿದು ಆರ್ಕಾಟಿನ ಸೀಮೆಗೆ ನುಗ್ಗಿದನು. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ಹಾಳಾಯಿತು. ಆಗ ಇಬ್ಬದಿಯ ಯುದ್ಧದ ಸಂಕಟವಿದ್ದದ್ದು ಇಂಗ್ಲಿಷರಿಗೆ: ಮುಂಬಯಿಯ ಕಡೆ ಮರಾಠರು, ಮದರಾಸಿನ ಕಡೆ ಹೈದರ್. ಅವರು ಅದರಿಂದ ಪಾರಾಗುವ ದಾರಿಯನ್ನು ಸಂಧಾನದಲ್ಲಿ ಹುಡುಕಿದರು. 1782ರ ಮೇ 17ರಂದು ಮಹಾದಜಿ ಸಿಂಧಿಯನ ಮಧ್ಯಸ್ಥಿಕೆಯಲ್ಲಿ ಸಾಲ್‌ಬಾಯಿಯ ಒಪ್ಪಂದವಾಯಿತು. ಮುಂಬಯಿಯ ಸೈನ್ಯಕ್ಕೆ ಬಿಡುವು ದೊರೆಯಿತು. ಆ ಬಿಡುವಿಗೆ ಬೆಲೆ ತೆತ್ತದ್ದು ಮೈಸೂರು.

ಪಶ್ಚಿಮದಲ್ಲಿ ಮೊದಲೇ ಬಿರುಕು ಬಿಟ್ಟಿತ್ತು. ತಲಚೇರಿಯ ಮುತ್ತಿಗೆಯನ್ನು ಹೈದರನು ಸರ್ದಾರ್ ಖಾನನಿಗೆ ವಹಿಸಿದ್ದನು. 1782ರ ಜನವರಿಯಲ್ಲಿ ಅದು ಮುರಿದುಬಿತ್ತು. ಅದೇ ವರ್ಷ ಮಳೆಗಾಲ ಕಳೆದ ಮೇಲೆ ಕರ್ನಲ್ ಹಂಬರ್‌ಸ್ಟನ್ ಮಲಬಾರಿನಿಂದ ಪಾಲಘಾಟಿನತ್ತ ಬಂದಾಗ ಟಿಪ್ಪುವನ್ನೇ ಕಳುಹಿಸಬೇಕಾಯಿತು. ಟಿಪ್ಪು ಶತ್ರುವನ್ನು ಪೊನ್ನಾನಿಯವರೆಗೆ ಅಟ್ಟಿದನು. ಇತ್ತ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ಪಾಳೆಯದಲ್ಲಿ ಹೈದರನು ಕಣ್ಣುಮುಚ್ಚಿದನು. ಉತ್ತರಾಧಿಕಾರಿ ಇದ್ದದ್ದು ಇನ್ನೊಂದು ಸಮುದ್ರದ ದಡದಲ್ಲಿ! ಪೂರ್ಣಯ್ಯ ಮೊದಲಾದ ಅಧಿಕಾರಿಗಳು ಮರಣವಾರ್ತೆಯನ್ನು ಮುಚ್ಚಿಟ್ಟು, ದೇಹವನ್ನು ಗುಟ್ಟಾಗಿ ಕೋಲಾರಕ್ಕೆ ಸಾಗಿಸಿ, ಪಾಳೆಯ ಚೆದುರದಂತೆ ನೋಡಿಕೊಂಡರು. ಆ ವಾರಗಳಲ್ಲಿ ಮದರಾಸಿನ ಜನರಲ್ ಸ್ಟುವರ್ಟ್ ದಂಡೆತ್ತಿ ಬಂದಿದ್ದರೆ ಏನಾಗುತ್ತಿತ್ತೋ! ಆತ ಹೊರಡಲಿಲ್ಲ. ಶತ್ರುವಿನ ನಿಧಾನವೂ ಒಮ್ಮೊಮ್ಮೆ ಒಂದು ಭಾಗ್ಯವೇ.

ಟಿಪ್ಪು ಪೂರ್ವಕ್ಕೆ ಬಂದು ಸೈನ್ಯವನ್ನು ವಹಿಸಿಕೊಳ್ಳುವಷ್ಟರಲ್ಲಿ, 1783ರ ಜನವರಿಯಲ್ಲಿ, ಮುಂಬಯಿಯ ಜನರಲ್ ಮ್ಯಾಥ್ಯೂಸ್ ಹೊಸಂಗಡಿಯ ಘಾಟಿ ಹತ್ತಿ ಬಿದನೂರಿಗೆ ಬಂದನು. ಅಲ್ಲಿನ ಅಧಿಪತಿ ಅಯಾಜ್ ಖಾನನು ಕೋಟೆಯನ್ನು ಒಪ್ಪಿಸಿಬಿಟ್ಟನು. ಈಗ ನಗರವೆಂದು ಕರೆಯುವ ಆ ಊರಿನ ಕೋಟೆಯ ಮೇಲೆ ನಿಂತು ನಾನು ಸುತ್ತಣ ಕಾಡನ್ನು ನೋಡಿದ್ದೇನೆ. ಅಂಥ ಘಾಟಿಯನ್ನು ಕಾಯಲು ದೊಡ್ಡ ದಂಡು ಬೇಡ, ನೆಚ್ಚಬಹುದಾದ ಒಬ್ಬ ಮನುಷ್ಯ ಸಾಕೆಂದು ಆಗ ಅನ್ನಿಸಿತು.

ಟಿಪ್ಪು ಮತ್ತೆ ಪಶ್ಚಿಮಕ್ಕೆ ತಿರುಗಿದನು. ಹೈದರನು ನಿರೀಕ್ಷಿಸುತ್ತಲೇ ತೀರಿಕೊಂಡಿದ್ದ ಫ್ರೆಂಚ್ ಸೇನಾನಿ ಬುಸ್ಸಿ ಮಾರ್ಚಿಯಲ್ಲಿ ಪೂರ್ವತೀರಕ್ಕೆ ಬಂದಿಳಿದಾಗ, ಜೊತೆಗೂಡಬೇಕಾಗಿದ್ದ ಮೈಸೂರಿನ ದೊರೆ ಅಲ್ಲಿರಲಿಲ್ಲ. ಬಿದನೂರು ಬೇಗನೆ ಕೈಸೇರಿತು. ಮಂಗಳೂರು ಹಾಗಲ್ಲ, ಮೇ ತಿಂಗಳಲ್ಲಿ ತೊಡಗಿದ ಮುತ್ತಿಗೆ 1784ರ ಜನವರಿ 30ರವರೆಗೆ ಎಳೆಯಿತು. ಈ ನಡುವೆ ಯೂರೋಪಿನಲ್ಲಿ ಸಂಧಿಯಾದ ಸುದ್ದಿ ಬಂದು ಫ್ರೆಂಚರು ಹಿಂದೆ ಸರಿದರು. ನವೆಂಬರಿನಲ್ಲಿ ಕರ್ನಲ್ ಫುಲ್ಲರ್ಟನ್ ದಕ್ಷಿಣದಿಂದ ಬಂದು ಪಾಲಘಾಟನ್ನು ಹಿಡಿದನು.

1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಂತೆ ಉಭಯರೂ ಗೆದ್ದುದನ್ನು ಹಿಂದಿರುಗಿಸಿದರು. ಆರ್ಕಾಟನ್ನು ಮಾತ್ರ ಹಿಂದಿರುಗಿಸುವ ಪ್ರಸಂಗ ಬರಲಿಲ್ಲ. ಬಿದನೂರಿಗಾಗಿ ಹೊರಟಾಗಲೇ ಮೈಸೂರಿನವರು ಅದನ್ನು ತೆರವು ಮಾಡಿದ್ದರು.