ಕೈಮರದಿಂದ ಫ್ಲೆಕ್ಸ್‌ವರೆಗೆ: ರಸ್ತೆ ಬದಿಯ ಬೋರ್ಡು ಯಾರಿಗಾಗಿ?

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿ ಕಡೆ ಹೊರಟರೆ ದಾರಿಯಲ್ಲಿ ಕೈಮರ ಸಿಗುತ್ತದೆ. ದಕ್ಷಿಣ ಕನ್ನಡದಲ್ಲಿ ಗುರುಪುರದ ಹತ್ತಿರ ಒಂದು ಕೈಕಂಬ ಇದೆ, ಬಿ.ಸಿ. ರೋಡಿನ ಹತ್ತಿರ ಇನ್ನೊಂದು ಕೈಕಂಬ. ಬಸ್ಸಿನ ಬೋರ್ಡಿನಲ್ಲಿ ಈ ಹೆಸರುಗಳನ್ನು ಓದುತ್ತೇವೆ, ಅರ್ಥದ ಕಡೆ ಗಮನ ಹೋಗುವುದಿಲ್ಲ. ಕೈಮರ ಎಂದರೆ ದಾರಿಗಳು ಕೂಡುವ ಜಾಗದಲ್ಲಿ, ಕೈ ಚಾಚಿದ ಹಾಗೆ ಹಲಗೆ ಹೊತ್ತು ನಿಂತ ಕಂಬ. ಈ ಕಡೆ ಹೋದರೆ ಈ ಊರು, ಆ ಕಡೆ ಹೋದರೆ ಆ ಊರು ಎಂದು ತೋರಿಸುವುದೇ ಅದರ ಕೆಲಸ. ಕಂಬದ ಕೆಲಸವೇ ಊರಿನ ಹೆಸರಾಗಿ ಉಳಿದಿದೆ.

ಆ ಕಂಬ ಊರಿನವರಿಗೆ ಬೇಕಿರಲಿಲ್ಲ. ಊರಿನವರಿಗೆ ದಾರಿ ಗೊತ್ತು. ಅದು ಇದ್ದದ್ದು ಪರಊರಿನಿಂದ ಬರುವವರಿಗೆ. ರಸ್ತೆ ಬದಿಯಲ್ಲಿ ಏನು ನೆಡಬೇಕು, ಏನು ನೆಡಬಾರದು ಎಂಬ ನಿಯಮಗಳೆಲ್ಲ ಹುಟ್ಟಿರುವುದು ಈ ಒಂದು ಮಾತಿನಿಂದಲೇ.

ಹರದಾರಿಯಿಂದ ಕಿಲೋಮೀಟರಿಗೆ

ನಮ್ಮ ಅಜ್ಜಂದಿರು ದೂರವನ್ನು ಹರದಾರಿಯಲ್ಲಿ ಹೇಳುತ್ತಿದ್ದರು. ಒಂದು ಹರದಾರಿ ಎಂದರೆ ಹೆಚ್ಚುಕಡಿಮೆ ಮೂರು ಮೈಲಿ. ಉತ್ತರ ಭಾರತದಲ್ಲಿ ಇದ್ದದ್ದು ಕೋಸು. ಶೇರ್ ಶಾ ಸೂರಿ, ಆಮೇಲೆ ಮೊಘಲರು ತಮ್ಮ ಹೆದ್ದಾರಿಗಳಲ್ಲಿ ಕೋಸಿಗೊಂದರಂತೆ ಸುಮಾರು 30 ಅಡಿ ಎತ್ತರದ ಗೋಪುರ ಕಟ್ಟಿಸಿದರು. ದೂರದಿಂದಲೇ ಕಾಣಲಿ, ದಾರಿ ತಪ್ಪದಿರಲಿ ಎಂಬುದು ಉದ್ದೇಶ. ಆ ಕೋಸ್ ಮಿನಾರುಗಳಲ್ಲಿ ಕೆಲವು ಇವತ್ತೂ ನಿಂತಿವೆ.

ಬ್ರಿಟಿಷರ ಕಾಲದಲ್ಲಿ ಮೈಲಿಗಲ್ಲು ಬಂತು. 1956ರಲ್ಲಿ ತೂಕ ಮತ್ತು ಅಳತೆಯ ಹೊಸ ಕಾಯ್ದೆ ಆದ ಮೇಲೆ ಮೈಲಿ ಹೋಗಿ ಕಿಲೋಮೀಟರ್ ಬಂತು. ಕಲ್ಲು ಬದಲಾದರೂ ನಮ್ಮ ಬಾಯಲ್ಲಿ ಅದು ಮೈಲಿಗಲ್ಲೇ.

ಮೋಟಾರು ತಂದ ಸಮಸ್ಯೆ

ಗಾಡಿ ಹೊಡೆಯುವವನಿಗೆ ದಾರಿ ತಿಳಿಯದಿದ್ದರೆ ಎತ್ತು ನಿಲ್ಲಿಸಿ ಹೊಲದಲ್ಲಿದ್ದವರನ್ನು ಕೇಳಬಹುದಿತ್ತು. ಮೋಟಾರು ಬಂದ ಮೇಲೆ ಆ ಪುರುಸೊತ್ತು ಹೋಯಿತು. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ. ಮುಂದಿನ ತಿರುವನ್ನು ಕಣ್ಣು ನೋಡುವ ಮೊದಲೇ ಯಾರಾದರೂ ಹೇಳಬೇಕು. ಹೇಳುವವರು ಇಲ್ಲದ ಕಡೆ ಬೋರ್ಡು ಹೇಳಬೇಕು.

1909ರಲ್ಲಿ ಪ್ಯಾರಿಸ್‌ನಲ್ಲಿ ಹಲವು ದೇಶಗಳು ಕೂಡಿ ಒಂದು ಒಪ್ಪಂದ ಮಾಡಿಕೊಂಡವು. ಅದರಲ್ಲಿ ಇದ್ದದ್ದು ನಾಲ್ಕೇ ಚಿಹ್ನೆ: ತಿರುವು, ಅಡ್ಡರಸ್ತೆ, ರೈಲ್ವೆ ಗೇಟು, ರಸ್ತೆಯಲ್ಲಿನ ತಗ್ಗು. ಅಕ್ಷರ ಓದಲು ಬಾರದವರಿಗೂ, ಆ ದೇಶದ ಭಾಷೆ ಬಾರದವರಿಗೂ ತಿಳಿಯಬೇಕು ಎಂದು ಚಿತ್ರ ಬಳಸಿದರು. 1968ರಲ್ಲಿ ವಿಯೆನ್ನಾದಲ್ಲಿ ಇನ್ನೂ ದೊಡ್ಡ ಒಪ್ಪಂದ ಆಯಿತು. ಭಾರತ ಅದಕ್ಕೆ ಸೇರಿದ್ದು 1980ರಲ್ಲಿ.

ಅಷ್ಟರಲ್ಲಿ ನಮ್ಮಲ್ಲೂ ಕೆಲಸ ನಡೆದಿತ್ತು. 1927ರಲ್ಲಿ ಎಂ.ಆರ್. ಜಯಕರ್ ಅಧ್ಯಕ್ಷತೆಯಲ್ಲಿ ರಸ್ತೆ ಸಮಿತಿ ನೇಮಕವಾಯಿತು. ಅದರ ಶಿಫಾರಸಿನ ಫಲವಾಗಿ 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. ಹೆಸರು ಕೇಳಿ ಪಕ್ಷ ಅಂದುಕೊಳ್ಳಬೇಡಿ, ಅದು ರಸ್ತೆ ಎಂಜಿನಿಯರುಗಳ ಸಂಸ್ಥೆ. ಬೋರ್ಡು ಹೇಗಿರಬೇಕು, ಎಲ್ಲಿರಬೇಕು ಎಂದು ದೇಶಕ್ಕೆಲ್ಲ ನಿಯಮ ಬರೆಯುವುದು ಇದೇ ಸಂಸ್ಥೆ.

ಲೆಕ್ಕ ಹಾಕಿ ನೆಟ್ಟ ಕಂಬ

1977ರ ನಿಯಮ ಪುಸ್ತಕ ನೋಡಿದರೆ ಈ ಲೆಕ್ಕ ಎಷ್ಟು ಸೂಕ್ಷ್ಮ ಎಂದು ತಿಳಿಯುತ್ತದೆ. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಯಲ್ಲಿ, ಬಯಲು ಸೀಮೆಯಾದರೆ, ಎಚ್ಚರಿಕೆ ಬೋರ್ಡು ಅಪಾಯದ ಜಾಗಕ್ಕಿಂತ 120 ಮೀಟರ್ ಮೊದಲೇ ಇರಬೇಕು. ಘಾಟಿಯಲ್ಲಿ ವೇಗ ಕಡಿಮೆ, ಹಾಗಾಗಿ 60 ಮೀಟರ್ ಸಾಕು. ಹಳ್ಳಿ ರಸ್ತೆಗೆ 40 ಮೀಟರ್. ಮುಂದಿನ ಆವೃತ್ತಿಗಳಲ್ಲಿ ವಾಹನಗಳ ವೇಗಕ್ಕೆ ತಕ್ಕಂತೆ ಲೆಕ್ಕ ಬದಲಾಗಿದೆ, ತತ್ವ ಬದಲಾಗಿಲ್ಲ.

120 ಮೀಟರ್ ಎಂದರೆ ಎಂಬತ್ತರ ವೇಗದಲ್ಲಿ ಐದು ಸೆಕೆಂಡಿಗೆ ಸ್ವಲ್ಪ ಹೆಚ್ಚು. ಬೋರ್ಡು ನೋಡಿ, ಅರ್ಥ ಮಾಡಿಕೊಂಡು, ಕಾಲು ಬ್ರೇಕಿನ ಮೇಲೆ ಇಟ್ಟು, ಗಾಡಿ ಹಿಡಿತಕ್ಕೆ ಬರುವವರೆಗೆ ಚಾಲಕನ ಕೈಯಲ್ಲಿ ಇರುವುದು ಅಷ್ಟೇ ಹೊತ್ತು. ಆ ಬೋರ್ಡಿನ ಮುಂದೆ ಏನಾದರೂ ಅಡ್ಡ ನಿಂತರೆ ಆ ಐದು ಸೆಕೆಂಡೂ ಹೋಯಿತು.

ಅಡ್ಡ ನಿಲ್ಲುವ ಮಾತುಗಳು

ಕೂಡು ರಸ್ತೆಯಲ್ಲಿ ಎಲ್ಲರ ಕಣ್ಣೂ ಬೋರ್ಡಿನ ಕಡೆ ಹೋಗುತ್ತದೆ. ಜಾಹೀರಾತು ಹಾಕುವವರಿಗೂ ಅದೇ ಜಾಗ ಬೇಕು. ಈ ಜಗಳ ಹೊಸದಲ್ಲ. 1972ರಲ್ಲೇ ಇಂಡಿಯನ್ ರೋಡ್ಸ್ ಕಾಂಗ್ರೆಸ್ ರಸ್ತೆ ಬದಿಯ ಜಾಹೀರಾತಿಗೆ ಪ್ರತ್ಯೇಕ ಮಾರ್ಗಸೂಚಿ ಬರೆಯಿತು. ಕೂಡು ರಸ್ತೆ ಮತ್ತು ಸೇತುವೆಯಿಂದ 100 ಮೀಟರ್ ಒಳಗೆ ಜಾಹೀರಾತು ಬೇಡ. ಸಂಚಾರ ಬೋರ್ಡಿನಿಂದ 50 ಮೀಟರ್ ಒಳಗೆ ಬೇಡ. ರಸ್ತೆಗೆ ಅಡ್ಡಲಾಗಿ ಬಟ್ಟೆಯ ಬ್ಯಾನರ್ ಕಟ್ಟುವುದು ಬೇಡ.

1988ರ ಮೋಟಾರು ವಾಹನ ಕಾಯ್ದೆಯ 116ನೇ ಕಲಂ ಇದಕ್ಕೆ ಕಾನೂನಿನ ಬಲ ಕೊಟ್ಟಿತು. ಸಂಚಾರ ಬೋರ್ಡನ್ನು ಮರೆ ಮಾಡುವ ಜಾಹೀರಾತನ್ನು ಕಿತ್ತು ಹಾಕುವ ಅಧಿಕಾರವನ್ನು ಸರ್ಕಾರ ಪೊಲೀಸರಿಗೆ ಕೊಡಬಹುದು. ಬೇಕೆಂದೇ ಬೋರ್ಡು ಕೀಳುವುದು, ಅಳಿಸುವುದು ತಪ್ಪು. ಗಾಡಿ ತಾಗಿ ಅಕಸ್ಮಾತ್ ಬೋರ್ಡು ಹಾಳಾದರೂ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು.

ಹಳೆಯ ಶಾಸನಗಳ ಕೊನೆಯಲ್ಲಿ, ಈ ದಾನವನ್ನು ಕೆಡಿಸಿದವರು ಹುಳುವಾಗಿ ಹುಟ್ಟುತ್ತಾರೆ ಎಂಬ ಶಾಪ ಇರುತ್ತಿತ್ತು. ಈಗ ಶಾಪದ ಜಾಗದಲ್ಲಿ ಕಲಂ ಇದೆ.

ನ್ಯಾಯಾಲಯಗಳೂ ಮಧ್ಯೆ ಬಂದಿವೆ. 1997ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ದೆಹಲಿಯ ರಸ್ತೆಗಳಲ್ಲಿ ಸಂಚಾರಕ್ಕೆ ಅಪಾಯ ತರುವ ಹೋರ್ಡಿಂಗ್ ತೆಗೆಸಲು ಆದೇಶಿಸಿತು. 2016ರ ಡಿಸೆಂಬರ್‌ನಲ್ಲಿ ಹೆದ್ದಾರಿ ಪಕ್ಕದ ಮದ್ಯದಂಗಡಿಗಳ ಬಗ್ಗೆ ತೀರ್ಪು ಕೊಟ್ಟಾಗ, ಮದ್ಯ ಸಿಗುತ್ತದೆ ಎಂದು ಹೇಳುವ ಬೋರ್ಡುಗಳೂ ಹೆದ್ದಾರಿಯಲ್ಲಿ ಇರಬಾರದು ಎಂದಿತು. ಅದೇ 2016ರಲ್ಲಿ ನಮ್ಮ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಫ್ಲೆಕ್ಸ್ ಕೂಡ ಇತ್ತು.

ನಮ್ಮ ಕ್ರಾಸಿನಲ್ಲಿ

ಆದರೂ ಯಾವ ಊರಿನ ಕ್ರಾಸಿಗೆ ಹೋದರೂ ಹುಟ್ಟುಹಬ್ಬ, ಜಾತ್ರೆ, ಶ್ರದ್ಧಾಂಜಲಿ ಎಲ್ಲದಕ್ಕೂ ಫ್ಲೆಕ್ಸ್. ಕಟ್ಟುವವರು ಕೆಟ್ಟವರಲ್ಲ, ನಮ್ಮ ಹುಡುಗರೇ. ಅವರಿಗೆ ಆ ತಿರುವು ಅಂಗೈ ಗೆರೆಯಷ್ಟು ಗೊತ್ತು. ರಾತ್ರಿ ಲಾರಿ ಹೊಡೆದುಕೊಂಡು ಬರುವ ಬೇರೆ ರಾಜ್ಯದ ಚಾಲಕನಿಗೆ ಗೊತ್ತಿಲ್ಲ. ಅವನು ಬ್ರೇಕ್ ಹಾಕುವುದು ತಡವಾದರೆ, ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿರುವವರು ನಮ್ಮವರೇ. ಮರುದಿನದ ಪತ್ರಿಕೆಯಲ್ಲಿ "ಚಾಲಕನ ನಿಯಂತ್ರಣ ತಪ್ಪಿ" ಎಂಬ ಮೂರು ಪದದಲ್ಲಿ ಎಲ್ಲ ಮುಗಿಯುತ್ತದೆ. ಹಿಂದೆ 120 ಮೀಟರ್ ದೂರದಲ್ಲಿ ಬೋರ್ಡು ಇತ್ತೇ, ಇದ್ದರೆ ಕಾಣುತ್ತಿತ್ತೇ ಎಂದು ಯಾರೂ ಕೇಳುವುದಿಲ್ಲ.

ಕೇಳಬೇಕಾದ್ದು ಯಾರನ್ನು? ಅದನ್ನು ಕಲ್ಲೇ ಹೇಳುತ್ತದೆ. ಕಿಲೋಮೀಟರ್ ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, 1033 ಸಹಾಯವಾಣಿಗೆ ಫೋನ್ ಮಾಡಬಹುದು. ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಅರ್ಜಿ ಲೋಕೋಪಯೋಗಿ ಇಲಾಖೆಗೆ. ಕಿತ್ತಳೆ ಇದ್ದರೆ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆ, ಪಂಚಾಯಿತಿಯಿಂದಲೇ ಶುರು ಮಾಡಿ. 2019ರ ತಿದ್ದುಪಡಿ ಪ್ರಕಾರ, ಹೊಣೆ ಹೊತ್ತವರು ರಸ್ತೆಯ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಹಾಗಾಗಿ ಅರ್ಜಿಯನ್ನು ಬರವಣಿಗೆಯಲ್ಲೇ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ.

ಅರ್ಜಿ ಬೇಡದ ಕೆಲಸವೂ ಒಂದಿದೆ. ಮುಂದಿನ ಜಾತ್ರೆಯ ಫ್ಲೆಕ್ಸ್ ಕಟ್ಟುವ ಮೊದಲು ರಸ್ತೆಯಲ್ಲಿ ಇನ್ನೂರು ಹೆಜ್ಜೆ ಹಿಂದೆ ನಡೆದು, ತಿರುಗಿ ನಿಂತು ನೋಡಿ. ಈ ಊರಿಗೆ ಮೊದಲ ಸಲ ಬಂದವರಿಗೆ ಅಲ್ಲಿಂದ ಏನು ಕಾಣುತ್ತದೆ?