ನೆರೆಯವನೆಡೆಗೆ ದಾರಿ: ಓಬರ್‌ಹೌಸನ್ ಕಿರುಚಿತ್ರೋತ್ಸವದ ಇತಿಹಾಸ

ಜರ್ಮನಿ ದೇಶದ ಪಡುವಣ ಭಾಗದಲ್ಲಿ ರೂರ್ ಎಂಬ ಸೀಮೆಯೊಂದುಂಟು. ಕಲ್ಲಿದ್ದಲೂ ಉಕ್ಕೂ ಆ ಸೀಮೆಗೆ ಅನ್ನವನ್ನೂ ಹೆಸರನ್ನೂ ಕೊಟ್ಟವು. ಅಲ್ಲಿಯ ಪಟ್ಟಣಗಳಲ್ಲಿ ಓಬರ್‌ಹೌಸನ್ ಎಂಬುದೊಂದು. ರಾಜರ ರಾಜಧಾನಿಯಾಗಿದ್ದ ಕೀರ್ತಿ ಅದಕ್ಕಿಲ್ಲ; ಯಾತ್ರಿಕರನ್ನು ಸೆಳೆಯುವ ಪುರಾತನ ದೇವಾಲಯವೂ ಇಲ್ಲ. 1847ರಲ್ಲಿ ಬಯಲಿನ ನಡುವೆ ತೆರೆದ ರೈಲುನಿಲ್ದಾಣವೇ ಆ ಊರಿನ ಮೂಲಸ್ಥಾನ. ಸಮೀಪದಲ್ಲಿದ್ದ ಪ್ರಭುಗಳ ಸೌಧವೊಂದರ ಹೆಸರನ್ನು ನಿಲ್ದಾಣಕ್ಕೆ ಇಟ್ಟರು; ನಿಲ್ದಾಣದ ಹೆಸರು ಊರಿಗಾಯಿತು. 1862ರಲ್ಲಿ ಅಲ್ಲಿ ಪೌರಾಡಳಿತವು ಏರ್ಪಟ್ಟಿತು. ಗಣಿಯಲ್ಲಿ ದುಡಿದು ಮೈಯೆಲ್ಲ ಮಸಿಯಾಗಿ ಮನೆಗೆ ಮರಳುವ ಜನರ ಈ ಊರು ಚಲಚ್ಚಿತ್ರ ಕಲೆಯ ಚರಿತ್ರೆಯಲ್ಲಿ ಹೆಸರು ಪಡೆದ ಬಗೆ ಹೇಗೆಂಬುದನ್ನು ತಿಳಿಯಲು ಎರಡನೆಯ ಮಹಾಯುದ್ಧದ ತರುವಾಯದ ದಿನಗಳಿಗೆ ಹೋಗಬೇಕು.

1951ರಲ್ಲಿ ಹಿಲ್ಮಾರ್ ಹಾಫ್‌ಮನ್ ಎಂಬ ತರುಣರು ಓಬರ್‌ಹೌಸನ್ನಿನ ವಯಸ್ಕರ ವಿದ್ಯಾಶಾಲೆಗೆ ಮುಖ್ಯಸ್ಥರಾದರು. ಆಗ ಅವರ ವಯಸ್ಸು ಇಪ್ಪತ್ತಾರು. ಹಿಟ್ಲರನ ಆಳ್ವಿಕೆಯಲ್ಲಿ ಸಿನಿಮಾ ಎಂಬುದು ಜನರ ಬುದ್ಧಿಯನ್ನು ಮಂಕುಗೊಳಿಸುವ ಸಾಧನವಾಗಿದ್ದುದನ್ನು ಆ ಪೀಳಿಗೆಯವರು ಕಣ್ಣಾರೆ ಕಂಡಿದ್ದರು. ಅದೇ ಸಾಧನದಿಂದ ಬುದ್ಧಿಯನ್ನು ಎಚ್ಚರಿಸಲೂ ಸಾಧ್ಯವೆಂಬ ನಂಬಿಕೆಯಿಂದ ಹಾಫ್‌ಮನ್ನರು 1954ರಲ್ಲಿ ಸಾಂಸ್ಕೃತಿಕ ಕಿರುಚಿತ್ರಗಳ ಕೂಟವೊಂದನ್ನು ಏರ್ಪಡಿಸಿದರು. ಅದು ಮೊದಲಿಗೆ ಶಿಕ್ಷಕರಿಗಾಗಿ ನಡೆದ ಕೂಟ. ಚಿತ್ರವೆಂಬುದು ವಿದ್ಯೆಯ ಮಾರ್ಗವೆಂಬುದೇ ಅದರ ಘೋಷವಾಕ್ಯವಾಗಿದ್ದಿತು. ಇಂದು ಜಗತ್ತಿನ ಅತ್ಯಂತ ಹಳೆಯ ಕಿರುಚಿತ್ರೋತ್ಸವಗಳಲ್ಲಿ ಒಂದೆಂದು ಎಣಿಸಲ್ಪಡುವ ಉತ್ಸವದ ಬೀಜವು ಇದೇ.

ಆ ಕಾಲದಲ್ಲಿ ಕಿರುಚಿತ್ರವು ಬದುಕಿದ್ದ ಬಗೆಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. ಇಲ್ಲವಾದರೆ ಮುಂದಿನ ಜಗಳಗಳ ಅರ್ಥವಾಗದು. ಪಶ್ಚಿಮ ಜರ್ಮನಿಯಲ್ಲಿ ಸಿನಿಮಾ ಟಿಕೀಟಿನ ಮೇಲೆ ಆಯಾ ಪೌರಸಭೆಯು ವಿನೋದಕರವನ್ನು ವಿಧಿಸುತ್ತಿದ್ದಿತು. ವೀಸ್‌ಬಾಡೆನ್ ಪಟ್ಟಣದಲ್ಲಿ 1951ರಲ್ಲಿ ಸ್ಥಾಪಿತವಾದ ಪರೀಕ್ಷಾಮಂಡಲಿಯೊಂದು ಚಿತ್ರಗಳನ್ನು ನೋಡಿ, ಕೆಲವಕ್ಕೆ ‘ಅಮೂಲ್ಯ’ವೆಂದೂ ಇನ್ನು ಕೆಲವಕ್ಕೆ ‘ವಿಶೇಷವಾಗಿ ಅಮೂಲ್ಯ’ವೆಂದೂ ಮುದ್ರೆಯೊತ್ತುತ್ತಿದ್ದಿತು. ಮುದ್ರೆಯುಳ್ಳ ಕಿರುಚಿತ್ರವೊಂದನ್ನು ಮುಖ್ಯಚಿತ್ರದ ಮುಂದೆ ತೋರಿಸಿದರೆ ಚಿತ್ರಮಂದಿರದ ಒಡೆಯನಿಗೆ ತೆರಿಗೆಯ ರಿಯಾಯಿತಿ ದೊರೆಯುತ್ತಿದ್ದಿತು. ಹೀಗಾಗಿ ಹತ್ತು ಹದಿನೈದು ನಿಮಿಷಗಳ ಚಿತ್ರಗಳಿಗೆ ಪೇಟೆಯಲ್ಲಿ ಬೇಡಿಕೆ ಇದ್ದೇ ಇರುತ್ತಿದ್ದಿತು. ಪ್ರೇಕ್ಷಕನಿಗೆ ಅವು ಬೇಕೋ ಬೇಡವೋ ಎಂದು ಕೇಳಿದವರಿಲ್ಲ. ಆದರೂ ಈ ಏರ್ಪಾಡಿನಿಂದ ಒಂದು ಉಪಕಾರವಾಯಿತು: ದೊಡ್ಡ ಚಿತ್ರದ ಹತ್ತಿರ ಸುಳಿಯಲೂ ಬಿಡದಿದ್ದ ಕಾಲದಲ್ಲಿ ತರುಣರು ಕ್ಯಾಮೆರಾ ಹಿಡಿಯಲು ಕಲಿತದ್ದು ಈ ಕಿರುಚಿತ್ರಗಳಲ್ಲಿಯೇ. ಮುಂದೆ ವಿನೋದಕರವು ಊರೂರುಗಳಲ್ಲಿ ರದ್ದಾಗುತ್ತ ಬಂದಾಗ, ತೆರಿಗೆಯೊಡನೆ ರಿಯಾಯಿತಿಯೂ ಹೋಗಿ, ಕಿರುಚಿತ್ರವು ಚಿತ್ರಮಂದಿರದಿಂದ ಹೊರಬಿದ್ದಿತು. ತೆರಿಗೆ ಹೋಯಿತೆಂದು ಕಲೆ ಬಡವಾದ ಪ್ರಸಂಗಗಳು ವಿರಳ, ಇದು ಅವುಗಳಲ್ಲೊಂದು.

1958ರಿಂದ ಉತ್ಸವವು ‘ನೆರೆಯವನೆಡೆಗೆ ದಾರಿ’ ಎಂಬ ಹೊಸ ಘೋಷವಾಕ್ಯವನ್ನು ತಳೆಯಿತು. ಇಲ್ಲಿ ನೆರೆಯವನೆಂದರೆ ಬೇಲಿಯಾಚೆಯ ಗೃಹಸ್ಥನಲ್ಲ; ಯೂರೋಪನ್ನು ಇಬ್ಭಾಗಿಸಿದ್ದ ಕಬ್ಬಿಣದ ತೆರೆಯಾಚೆಯ ಪೋಲೆಂಡ್, ಚೆಕೊಸ್ಲೊವಾಕಿಯ, ಹಂಗೇರಿ ಮೊದಲಾದ ದೇಶಗಳವನು. ಪೂರ್ವದೇಶಗಳ ಚಿತ್ರಗಳು ಪಶ್ಚಿಮ ಜರ್ಮನಿಯೊಳಕ್ಕೆ ಬರಬೇಕಾದರೆ ಸರ್ಕಾರದ ಹಲವು ಇಲಾಖೆಗಳು ಸೇರಿದ ಸಮಿತಿಯೊಂದರ ಪರಿಶೀಲನೆಯನ್ನು ದಾಟಿ ಬರಬೇಕಾಗಿದ್ದಿತು. 1953ರಿಂದ 1967ರವರೆಗೆ ಆ ಸಮಿತಿಯು ತನ್ನ ಕೆಲಸವನ್ನು ನಡೆಸಿತು. ಅಂತಹ ದಿನಗಳಲ್ಲಿ ವೈರಿಯ ಮನೆಯ ಚಿತ್ರವನ್ನು ಕರೆಸಿ ತೋರಿಸುವುದೆಂದರೆ ಸಾಮಾನ್ಯ ಧೈರ್ಯವಲ್ಲ. ಓಬರ್‌ಹೌಸನ್ನಿನ ಉತ್ಸವಕ್ಕೆ ‘ಕೆಂಪು ಉತ್ಸವ’ವೆಂಬ ಅಡ್ಡಹೆಸರು ಬಿದ್ದದ್ದು ಇದರಿಂದಲೇ.

ಅದೇ 1958ರಲ್ಲಿ ರೂರ್ ಸೀಮೆಯ ಕಲ್ಲಿದ್ದಲಿನ ಸಂಕಟವೂ ಮೊದಲಾಯಿತು. ಅಗ್ಗದ ಎಣ್ಣೆಯೂ ಹೊರನಾಡಿನ ಕಲ್ಲಿದ್ದಲೂ ಬಂದು, ಅಗೆದ ಕಲ್ಲಿದ್ದಲು ಗಣಿಬಾಯಿಯಲ್ಲೇ ರಾಶಿಬಿದ್ದಿತು. ಒಂದೊಂದಾಗಿ ಗಣಿಗಳು ಮುಚ್ಚತೊಡಗಿದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೆಂಬ ಗಾದೆಯನ್ನು ಯಾರಾದರೂ ಆಡಿ ತೋರಿಸಲು ಇದಕ್ಕಿಂತ ತಕ್ಕ ಸಮಯವಿರಲಾರದು. ಹಾಗಿದ್ದರೂ ಪೌರಸಭೆಯು ಉತ್ಸವದ ಕೈಬಿಡಲಿಲ್ಲ. 1956ರಿಂದ 1979ರವರೆಗೆ ಆ ಊರಿನ ಮಹಾಪೌರರಾಗಿದ್ದ ಲೂಯಿಜ಼ ಆಲ್ಬರ್ಟ್ಸ್ ಎಂಬ ಮಹಿಳೆ, ಯುದ್ಧಾನಂತರ 1946ರಲ್ಲಿಯೇ ಒಮ್ಮೆ ಆ ಪದವಿಗೇರಿ, ಜರ್ಮನಿಯ ದೊಡ್ಡ ಪಟ್ಟಣವೊಂದಕ್ಕೆ ಮಹಾಪೌರರಾದ ಮೊದಲ ಸ್ತ್ರೀ ಎನಿಸಿಕೊಂಡಿದ್ದರು. ಅವರ ತಂದೆ ನಾಜಿಗಳ ಬಂಧನಕ್ಕೆ ಬಲಿಯಾದವರು. ಗಣಿಗಾರರ ಪರವಾಗಿ ಗಟ್ಟಿಯಾಗಿ ನಿಂತವರೆಂದು ಆಕೆಗೆ ಹೆಸರು. ಗಣಿಗಾರನ ಊರಿಗೂ ಲೋಕದ ಚಿತ್ರಗಳನ್ನು ಕಾಣುವ ಹಕ್ಕುಂಟೆಂಬುದನ್ನು ಆ ಕಾಲದ ಪೌರಸಭೆಯು ವಾದಿಸಿ ಸ್ಥಾಪಿಸಬೇಕಾಗಲಿಲ್ಲ. ವರ್ಷವರ್ಷವೂ ಉತ್ಸವವನ್ನು ನಡೆಯಿಸಿಯೇ ಸ್ಥಾಪಿಸಿತು.

ಊರಿನ ಪೌರಾಡಳಿತಕ್ಕೆ ನೂರು ವರ್ಷ ತುಂಬಿದ 1962ರಲ್ಲಿಯೇ ಉತ್ಸವದ ಅತ್ಯಂತ ಪ್ರಸಿದ್ಧ ಘಟನೆಯೂ ನಡೆಯಿತು. ಜರ್ಮನಿಯ ಚಿತ್ರೋದ್ಯಮವು ಆಗ ಕುಸಿದಿದ್ದಿತು. 1956ರಲ್ಲಿ 81 ಕೋಟಿಯನ್ನು ಮೀರಿದ್ದ ಪ್ರೇಕ್ಷಕರ ಸಂಖ್ಯೆಯು 1962ರ ವೇಳೆಗೆ ಸುಮಾರು 44 ಕೋಟಿಗೆ ಇಳಿಯಿತು. ದೂರದರ್ಶನ ಪೆಟ್ಟಿಗೆಯು ಮನೆಮನೆಯನ್ನು ಹೊಕ್ಕಿದ್ದಿತು. 1961ರಲ್ಲಿ ವೆನಿಸ್ ಉತ್ಸವವು ಜರ್ಮನಿಯ ಚಿತ್ರಗಳನ್ನೆಲ್ಲ ತಿರಸ್ಕರಿಸಿತು. ಆ ವರ್ಷ ಸ್ವದೇಶದಲ್ಲಿಯೂ ಅತ್ಯುತ್ತಮ ಕಥಾಚಿತ್ರದ ರಾಷ್ಟ್ರಪ್ರಶಸ್ತಿಗೆ ಯೋಗ್ಯವಾದುದು ಸಿಕ್ಕಲಿಲ್ಲ. ಇಂತಹ ಹೊತ್ತಿನಲ್ಲಿ, 1962ರ ಫೆಬ್ರುವರಿ 28ರಂದು, ಇಪ್ಪತ್ತಾರು ಮಂದಿ ಓಬರ್‌ಹೌಸನ್ ಉತ್ಸವದಲ್ಲಿ ಪತ್ರಿಕಾಕರ್ತರನ್ನು ಕರೆದು ಘೋಷಣಾಪತ್ರವೊಂದನ್ನು ಓದಿದರು. ಅಲೆಕ್ಸಾಂಡರ್ ಕ್ಲೂಗೆ, ಎಡ್ಗರ್ ರೈಟ್ಸ್, ಹಾರೋ ಜ಼ೆನ್ಫ್ಟ್, ಪೀಟರ್ ಶಮೋನಿ ಮೊದಲಾದವರು ಅದಕ್ಕೆ ಸಹಿ ಮಾಡಿದವರು. ಸಹಿಗಳಲ್ಲಿ ಒಬ್ಬ ಸ್ತ್ರೀಯದೂ ಇಲ್ಲವೆಂಬುದನ್ನು ಇಂದಿನ ವಾಚಕರು ಗಮನಿಸದೆ ಇರಲಾರರು.

ಆ ಪತ್ರವು ಪುಟವೊಂದನ್ನೂ ಮೀರದಷ್ಟು ಚಿಕ್ಕದು. ಹಳೆಯ ಸಿನಿಮಾ ಸತ್ತಿತೆಂಬ ಮಾತೇ ಅದರಲ್ಲಿ ಪ್ರಸಿದ್ಧವಾದುದು; ಯೌವನದ ಬಾಯಿಂದ ಅಂತಹ ಮಾತು ಎಲ್ಲ ದೇಶಗಳಲ್ಲಿಯೂ ಬಂದಿದೆ. ಅದಕ್ಕಿಂತ ಮುಖ್ಯವಾದ ಮಾತೊಂದು ಅದರಲ್ಲಿದ್ದು, ಅದು ಅಷ್ಟಾಗಿ ಜನರ ಕಿವಿಗೆ ಬಿದ್ದಿಲ್ಲ. ಹೊಸ ಚಿತ್ರಕ್ಕೆ ಬೇಕಾದ ಸ್ವಾತಂತ್ರ್ಯವನ್ನು ಕೇಳಿದವರು, ಅದರಿಂದಾಗುವ ಆರ್ಥಿಕ ನಷ್ಟವನ್ನು ಎಲ್ಲರೂ ಕೂಡಿ ಹೊರಲು ಸಿದ್ಧರೆಂದೂ ಹೇಳಿದ್ದರು. ಒಬ್ಬೊಬ್ಬನೂ ತನ್ನ ಚಿತ್ರಕ್ಕೆ ಹಣ ಬೇಡಲಿಲ್ಲ. ಹಣವಿಲ್ಲದವರು ನಷ್ಟವನ್ನು ಹಂಚಿಕೊಳ್ಳಲು ಮುಂದಾದರೆಂಬುದು ಹಾಸ್ಯವಾಗಿ ಕಾಣಬಹುದು. ಆದರೆ ಆ ಇಪ್ಪತ್ತಾರು ಹೆಸರುಗಳನ್ನು ಒಂದು ಹಾಳೆಯ ಮೇಲೆ ಕೂಡಿಸಿದ್ದು ಈ ವಾಕ್ಯವೇ.

ಫಲವು ತಡವಾಗಿ ಬಂದಿತು. 1965ರಲ್ಲಿ ತರುಣ ಚಿತ್ರಕಾರರಿಗಾಗಿ ಪೋಷಕಮಂಡಲಿಯೊಂದು ಸ್ಥಾಪಿತವಾಗಿ, ಮೊದಲ ಕಥಾಚಿತ್ರಗಳಿಗೆ ಬಡ್ಡಿಯಿಲ್ಲದ ಸಾಲವನ್ನು ಕೊಡತೊಡಗಿತು. ಕೇಂದ್ರ ಸರ್ಕಾರವು ಅದಕ್ಕೆ 50 ಲಕ್ಷ ಮಾರ್ಕುಗಳನ್ನು ಒದಗಿಸಿತು. ಈ ಸಾಲದಿಂದ ಸಿದ್ಧವಾದ ಕ್ಲೂಗೆಯವರ ‘ನಿನ್ನೆಗೆ ವಿದಾಯ’ ಎಂಬ ಚಿತ್ರವು, ಐದು ವರ್ಷಗಳ ಹಿಂದೆ ಜರ್ಮನಿಗೆ ಬಾಗಿಲು ಮುಚ್ಚಿದ್ದ ವೆನಿಸ್ಸಿನಲ್ಲಿಯೇ 1966ರಲ್ಲಿ ಬೆಳ್ಳಿಯ ಸಿಂಹವನ್ನು ಪಡೆಯಿತು. ಆದರೆ ಹಳೆಯ ಉದ್ಯಮದವರೂ ಕೈಕಟ್ಟಿ ಕುಳಿತಿರಲಿಲ್ಲ. 1968ರ ಆರಂಭದಿಂದ ಜಾರಿಗೆ ಬಂದ ಚಿತ್ರಪೋಷಣೆಯ ಕಾನೂನು, ಟಿಕೀಟಿನ ಮೇಲಿನ ಸುಂಕದಿಂದ ಕೂಡಿದ ಹಣವನ್ನು ಹಿಂದಿನ ಚಿತ್ರದಿಂದ ಒಳ್ಳೆಯ ಗಳಿಕೆ ಮಾಡಿದವನಿಗೇ ಹಂಚುವಂತೆ ಏರ್ಪಡಿಸಿತು. ಹಿಂದಿನ ಚಿತ್ರವೇ ಇಲ್ಲದವನ ಗತಿ ಏನು? ಸಾಲದೆಂಬಂತೆ, ನೀತಿಯ ಮತ್ತು ಧರ್ಮದ ಭಾವನೆಗಳನ್ನು ನೋಯಿಸುವ ಚಿತ್ರಕ್ಕೆ ಹಣವಿಲ್ಲವೆಂಬ ವಿಧಿಯೊಂದನ್ನೂ ಅದರಲ್ಲಿ ಸೇರಿಸಿದರು. ಇತ್ತ ಪೋಷಕಮಂಡಲಿಯಿಂದ ಕೇಂದ್ರ ಸರ್ಕಾರವು ಹಿಂದೆ ಸರಿದು, ಪ್ರಾಂತಗಳು ಕೊಡುವ ಸಣ್ಣ ಮೊತ್ತದ ಮೇಲೆ ಅದು ಬಾಳಬೇಕಾಯಿತು.

ಆ 1968ರ ವಸಂತದಲ್ಲಿ ಹೆಲ್‌ಮುತ್ ಕೊಸ್ಟಾರ್ಡ್ ಎಂಬ ತರುಣರು ‘ವಿಶೇಷವಾಗಿ ಅಮೂಲ್ಯ’ ಎಂಬ ಹೆಸರಿನ ಕಿರುಚಿತ್ರವೊಂದನ್ನು ಓಬರ್‌ಹೌಸನ್ನಿಗೆ ಕಳುಹಿದರು. ವೀಸ್‌ಬಾಡೆನ್ ಮಂಡಲಿಯ ಮುದ್ರೆಯನ್ನೇ ಹೆಸರಾಗಿಸಿಕೊಂಡುದರಲ್ಲಿಯೇ ವ್ಯಂಗ್ಯವು ತಿಳಿಯುತ್ತದೆ. ಅದರಲ್ಲಿ ಹೊಸ ಕಾನೂನಿನ ನೀತಿವಿಧಿಯನ್ನು ಗಂಭೀರ ಸ್ವರದಲ್ಲಿ ಉಚ್ಚರಿಸುವುದು ಮನುಷ್ಯನ ಮುಖವಲ್ಲ, ಪುರುಷನ ಗುಹ್ಯಾಂಗ. ಚಿತ್ರವು ಉತ್ತಮ ಕಲಾಕೃತಿಯೆಂದು ಹೇಳುವುದು ಕಷ್ಟ. ಅದೊಂದು ಸಿಟ್ಟಿನ ಕುಚೋದ್ಯ. ಆದರೆ ಯಾವ ವಿಧಿಯನ್ನು ಅದು ಹಾಸ್ಯಮಾಡಿತೋ ಆ ವಿಧಿಯು ಚಿತ್ರಕ್ಕಿಂತಲೂ ಹೆಚ್ಚು ಹಾಸ್ಯಾಸ್ಪದವಾಗಿದ್ದಿತೆಂಬುದನ್ನು ಒಪ್ಪದೆ ವಿಧಿಯಿಲ್ಲ.

ಆಯ್ಕೆಯ ಸಮಿತಿಯು ಅದನ್ನು ಆರಿಸಿಕೊಂಡಿದ್ದಿತು. ತರುವಾಯ ಸರ್ಕಾರೀ ವಕೀಲರ ಕ್ರಮದ ಭೀತಿ ಒದಗಲು, ಉತ್ಸವದವರು ಚಿತ್ರವನ್ನು ಕಾರ್ಯಕ್ರಮದಿಂದ ತೆಗೆದರು. ಹಾಫ್‌ಮನ್ನರ ಸಂಕಟವನ್ನು ಊಹಿಸಬಹುದು. ಸಾರ್ವಜನಿಕರ ಹಣದಿಂದ ನಡೆಯುವ ಮನೆ. ಅಲ್ಲಿ ಉಂಡ ಮನೆಯ ಜಂತೆ ಎಣಿಸಿದರೆಂಬ ಆಕ್ಷೇಪಣೆ ಬಾಗಿಲಲ್ಲೇ ಕಾದಿರುತ್ತದೆ. ಕೆಂಪು ಉತ್ಸವವೆಂಬ ನಿಂದೆಯನ್ನು ಹತ್ತು ವರ್ಷ ತಾಳಿಕೊಂಡವರು ಈ ಹತ್ತು ನಿಮಿಷದ ಚಿತ್ರಕ್ಕೆ ಮಣಿದರು. ಅದೇ ವರ್ಷ ಊರಿನ ಕೊನ್‌ಕೊರ್ಡಿಯಾ ಎಂಬ ದೊಡ್ಡ ಗಣಿಯೂ ಮುಚ್ಚಿತು. ಸಾವಿರಾರು ಸಂಸಾರಗಳ ಅನ್ನದ ಪ್ರಶ್ನೆಯನ್ನು ಎದುರಿಟ್ಟುಕೊಂಡಿದ್ದ ಪೌರಸಭೆಗೆ ಇಂತಹ ಚಿತ್ರದ ಸಲುವಾಗಿ ಹೋರಾಡುವಂತೆ ಹೇಳುವುದು ಸುಲಭವಾಗಿರಲಿಲ್ಲ.

ಆದರೆ ಚಿತ್ರಕಾರರು ಅದನ್ನು ಹಾಗೆ ನೋಡಲಿಲ್ಲ. ಜರ್ಮನಿಯ ಅನೇಕರು ಕೊಸ್ಟಾರ್ಡರಿಗೆ ಬೆಂಬಲವಾಗಿ ತಮ್ಮ ತಮ್ಮ ಚಿತ್ರಗಳನ್ನು ಉತ್ಸವದಿಂದ ಹಿಂದಕ್ಕೆ ಪಡೆದರು. ಲೇಖಕ ಪೀಟರ್ ಹಾಂಡ್ಕೆಯವರು ಹೊರಬಂದರು. ನಿಷಿದ್ಧವಾದ ಚಿತ್ರವನ್ನು ನೆರೆಯ ಬೋಖುಮ್ ಪಟ್ಟಣದ ವಿಶ್ವವಿದ್ಯಾನಿಲಯದಲ್ಲಿ ತೋರಿಸಲಾಯಿತು. ಇವರಲ್ಲಿ ಎಷ್ಟು ಮಂದಿಗೆ ಆ ಚಿತ್ರವು ನಿಜವಾಗಿ ಮೆಚ್ಚಿಗೆಯಾಗಿದ್ದಿತೋ! ಕಿರುಚಿತ್ರಕಾರನಿಗೆ ವರ್ಷಕ್ಕೊಮ್ಮೆ ದೊರೆಯುವ ಬೆಳ್ಳಿತೆರೆಯು ಅದೊಂದೇ; ಪ್ರಶಸ್ತಿ ಬಂದರೆ ಮುಂದಿನ ಚಿತ್ರಕ್ಕೆ ಹಣದ ಆಸೆಯೂ ಅಲ್ಲಿಯೇ. ಅದನ್ನು ಪರನ ಚಿತ್ರಕ್ಕಾಗಿ ಬಿಟ್ಟುಕೊಟ್ಟರೆಂಬುದನ್ನು ಲಘುವಾಗಿ ಎಣಿಸಲಾಗದು. ಆರು ವರ್ಷಗಳ ಹಿಂದೆ ಅದೇ ಊರಿನಲ್ಲಿ ಕಾಗದದ ಮೇಲಿದ್ದ ಮಾತಿಗೆ ಇಲ್ಲಿ ಬೆಲೆ ತೆತ್ತಂತಾಯಿತು.

ಅಂದಿನಿಂದ ಚಿತ್ರಕಾರರು ಉತ್ಸವವನ್ನೂ ಸರ್ಕಾರವನ್ನೂ ನೆಚ್ಚಿ ಕೂರದೆ ತಮ್ಮದೇ ಸಹಕಾರಸಂಸ್ಥೆಗಳನ್ನು ಕಟ್ಟಿಕೊಳ್ಳುವ ಮಾರ್ಗವನ್ನು ಹಿಡಿದರು. 1968ರಲ್ಲಿ ಹ್ಯಾಂಬರ್ಗಿನಲ್ಲಿ ಅಂತಹ ಸಹಕಾರ ಸಂಘವೊಂದು ಏರ್ಪಟ್ಟಿತು. 1971ರಲ್ಲಿ ಮ್ಯೂನಿಕ್ಕಿನಲ್ಲಿ ವಿಮ್ ವೆಂಡರ್ಸ್ ಮೊದಲಾದವರು ಕೂಡಿ ಚಿತ್ರಕಾರರದೇ ವಿತರಣಸಂಸ್ಥೆಯನ್ನು ತೆರೆದರು. ಹಾಫ್‌ಮನ್ನರು 1970ರಲ್ಲಿ ಫ್ರಾಂಕ್‌ಫರ್ಟ್ ನಗರದ ಸಂಸ್ಕೃತಿ ಖಾತೆಗೆ ಹೋದರು. ಅಲ್ಲಿ ಪೌರಸಭೆಯ ಹಣದಿಂದ ನಡೆಯುವ ಚಿತ್ರಮಂದಿರವನ್ನು 1971ರಲ್ಲಿ ತೆರೆದಾಗ ಖಾಸಗಿ ಚಿತ್ರಮಂದಿರಗಳವರು ನ್ಯಾಯಾಲಯಕ್ಕೆ ಹೋಗಿ ಸೋತರು. ಸಂಸ್ಕೃತಿಯು ಎಲ್ಲರಿಗೂ ಸೇರಿದ್ದೆಂಬ ಅವರ ವಾದವು 1979ರಲ್ಲಿ ಗ್ರಂಥರೂಪವನ್ನು ತಾಳಿತು. ಅವರು 2018ರಲ್ಲಿ ಕಾಲವಾದರು.

ಊರಿನ ಬಡತನವು ಮುಂದೆ ಹೆಚ್ಚುತ್ತಲೇ ಹೋಯಿತು. 1992ರಲ್ಲಿ ಓಬರ್‌ಹೌಸನ್ನಿನ ಕೊನೆಯ ಗಣಿಯು ಮುಚ್ಚಿತು. ಅದೇ ವರ್ಷ ನಗರ ನಾಟಕಶಾಲೆಯ ಸಂಗೀತನಾಟಕ ವಿಭಾಗವೂ ಹಣವಿಲ್ಲದೆ ನಿಂತಿತು. ಜರ್ಮನಿಯ ಪೌರಸಭೆಗಳ ಲೆಕ್ಕದಲ್ಲಿ ಸಂಸ್ಕೃತಿಯು ‘ಸ್ವಯಿಚ್ಛೆಯ ವೆಚ್ಚ’ವೆಂಬ ತಲೆಬರಹದ ಕೆಳಗೆ ಬರುತ್ತದೆ. ಬೀದಿಯ ಚರಂಡಿಯೂ ಶಾಲೆಯ ಕಟ್ಟಡವೂ ಕಡ್ಡಾಯ; ನಾಟಕ, ಗ್ರಂಥಾಲಯ, ಚಿತ್ರೋತ್ಸವ ಇವು ಇಚ್ಛೆ. ಸಾಲದಲ್ಲಿ ಮುಳುಗಿದ ಪೌರಸಭೆಯ ಲೆಕ್ಕವನ್ನು ಮೇಲಧಿಕಾರಿಗಳು ತಿದ್ದಲು ಕುಳಿತಾಗ ಕತ್ತರಿಯು ಮೊದಲು ಬೀಳುವುದು ಇಚ್ಛೆಯ ಮೇಲೆಯೇ. 2010ರ ಸುಮಾರಿಗೆ ಓಬರ್‌ಹೌಸನ್ ಜರ್ಮನಿಯ ಅತ್ಯಂತ ಸಾಲಗಾರ ಪಟ್ಟಣಗಳಲ್ಲಿ ಒಂದೆನಿಸಿದ್ದಿತು. ಉತ್ಸವವು ನಗರದ ಹಣದೊಡನೆ ಪ್ರಾಂತದ, ಕೇಂದ್ರದ ನೆರವನ್ನೂ ಕೂಡಿಸಿಕೊಂಡು ಉಳಿಯಿತು. 1998ರಿಂದ ಅದು ನಡೆಯುವುದು 1931ರಲ್ಲಿ ತೆರೆದ ಲಿಖ್ಟ್‌ಬುರ್ಗ್ ಎಂಬ ಹಳೆಯ ಚಿತ್ರಮಂದಿರದಲ್ಲಿ. 2020ರ ಸಾಂಕ್ರಾಮಿಕದಲ್ಲಿ ಆ ಬಾಗಿಲೂ ಮುಚ್ಚಲು, ಇಡೀ ಉತ್ಸವವನ್ನು ಅಂತರ್ಜಾಲದ ಮೂಲಕ ಮನೆಗಳಿಗೆ ಮುಟ್ಟಿಸಿದರು. ದೇಶದ ಉತ್ಸವಗಳೂ ಒಂಟಿಯಾಗಿ ಬೇಡುವುದನ್ನು ಬಿಟ್ಟು 2019ರಲ್ಲಿ ತಮ್ಮದೊಂದು ಒಕ್ಕೂಟವನ್ನು ಮಾಡಿಕೊಂಡಿದ್ದವು. 2024ರ ಕೊನೆಯಲ್ಲಿ ಬರ್ಲಿನ್ ನಗರವು ಮುಂದಿನ ವರ್ಷದ ಸಂಸ್ಕೃತಿ ವೆಚ್ಚದಿಂದ ಸುಮಾರು 13 ಕೋಟಿ ಯೂರೋಗಳನ್ನು ಕಡಿದುಹಾಕಿದಾಗ, ಸಿರಿವಂತ ರಾಜಧಾನಿಯ ಕಲಾವಿದರು ರೂರ್ ಸೀಮೆಯವರಿಗೆ ಹಳೆಯದಾಗಿದ್ದ ಪಾಠವನ್ನು ಹೊಸದಾಗಿ ಕಲಿಯಬೇಕಾಯಿತು.

ಕೊರತೆಗಿಂತಲೂ ಗಾಢವಾದ ಬಿರುಕೊಂದು ಈ ನಡುವೆ ಕಾಣಿಸಿಕೊಂಡಿತು. 2023ರ ಅಕ್ಟೋಬರಿನಲ್ಲಿ ಇಸ್ರೇಲಿನ ಮೇಲೆ ದಾಳಿ ನಡೆದ ತರುವಾಯ, ಅದಕ್ಕೆ ಬೆಂಬಲವಾಗಿ ಬರ್ಲಿನ್ನಿನ ಸಭೆಗೆ ಬರಬೇಕೆಂದು ಉತ್ಸವದ ಹೆಸರಿನಲ್ಲಿ ಕರೆಯೊಂದು ಹೊರಟಿತು. ಅದರ ಮಾತುಗಳನ್ನು ಆಕ್ಷೇಪಿಸಿ ನಾನಾ ದೇಶಗಳ ಚಿತ್ರಕಾರರು ಬಹಿರಂಗ ಪತ್ರಕ್ಕೆ ಸಹಿ ಮಾಡಿದರು. 2024ರಲ್ಲಿ ಉತ್ಸವವು ತನ್ನ ಎಪ್ಪತ್ತನೆಯ ಕೂಟವನ್ನು ನಡೆಸಿದಾಗ ಕೆಲವರು ತಮ್ಮ ಚಿತ್ರಗಳನ್ನು ಹಿಂದಕ್ಕೆ ಪಡೆದರು. ಮತ್ತೆ ಕೆಲವರು, ಉತ್ಸವವನ್ನು ಬಿಟ್ಟುಕೊಡಲಾಗದೆಂದು ಬಂದು ಲಿಖ್ಟ್‌ಬುರ್ಗಿನ ಕುರ್ಚಿಗಳಲ್ಲಿ ಕುಳಿತರು.